ಹಾಲಿನಲ್ಲಿ ಬೂಷ್ಟಿನ ವಿಷ: ಪ್ರತಿಕಾಯ ಪರೀಕ್ಷೆ ಏನು ಹೇಳುತ್ತದೆ?



ಸಂಘದಲ್ಲಿ ಹಾಲು ಹಾಕುವಾಗ ನಡೆಯುವ ಪರೀಕ್ಷೆಗಳು ನಮಗೆಲ್ಲ ಪರಿಚಿತ. ಲ್ಯಾಕ್ಟೋಮೀಟರ್ ನೀರು ಬೆರೆತಿರುವುದನ್ನು ತೋರಿಸುತ್ತದೆ. ಜಿಡ್ಡಿನ ಪರೀಕ್ಷೆ ದರವನ್ನು ನಿರ್ಧರಿಸುತ್ತದೆ. ಹುಳಿ ತಿರುಗಿದ ಹಾಲು ಕುದಿಸಿದ ಕೂಡಲೇ ಒಡೆದು ಹೋಗುತ್ತದೆ. ಆದರೆ ಈ ಯಾವ ಪರೀಕ್ಷೆಗೂ ಸಿಗದ ಒಂದು ವಿಷ ಹಾಲಿನಲ್ಲಿ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೂ ಅದು ಹೋಗುವುದಿಲ್ಲ. ಅದರ ಹೆಸರು ಅಫ್ಲಾಟಾಕ್ಸಿನ್ ಎಂ1. ಇದನ್ನು ಪತ್ತೆ ಮಾಡಲು ಇಂದು ಡೈರಿಗಳಲ್ಲಿ ಬಳಸುವ ಮುಖ್ಯ ಸಾಧನವೆಂದರೆ ಪ್ರತಿಕಾಯಗಳನ್ನು ಆಧರಿಸಿದ ಪರೀಕ್ಷೆ. ಆ ಪರೀಕ್ಷೆ ಹೇಗೆ ನಡೆಯುತ್ತದೆ, ಅದರ ಫಲಿತಾಂಶವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು, ಅದಕ್ಕೂ ನಮ್ಮ ಮನೆಯ ಹಿಂಡಿ ಮೂಟೆಗೂ ಏನು ಸಂಬಂಧ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ವಿಷ ಹಾಲಿಗೆ ಬರುವ ದಾರಿ

ಕಡಲೆಕಾಯಿ, ಹತ್ತಿಬೀಜ, ಮುಸುಕಿನ ಜೋಳ ಇವುಗಳ ಮೇಲೆ ಆಸ್ಪರ್ಜಿಲಸ್ ಎಂಬ ಜಾತಿಯ ಬೂಷ್ಟು ಬೆಳೆಯುತ್ತದೆ. ಬಿಸಿಲಿನ ಝಳದಲ್ಲಿ ಬಳಲಿದ ಬೆಳೆ, ಕೊಯ್ಲಿನ ವೇಳೆಗೆ ಬಿದ್ದ ಮಳೆ, ಸರಿಯಾಗಿ ಒಣಗದ ಕಾಳು, ಗಾಳಿಯಾಡದ ದಾಸ್ತಾನು ಇವೆಲ್ಲ ಆ ಬೂಷ್ಟಿಗೆ ಅನುಕೂಲ. ಬೆಳೆಯುತ್ತಾ ಅದು ಅಫ್ಲಾಟಾಕ್ಸಿನ್ ಬಿ1 ಎಂಬ ವಿಷವನ್ನು ಉತ್ಪತ್ತಿ ಮಾಡುತ್ತದೆ. ಎಣ್ಣೆ ತೆಗೆದ ನಂತರ ಈ ವಿಷದ ಬಹುಪಾಲು ಹಿಂಡಿಯಲ್ಲೇ ಉಳಿಯುತ್ತದೆ.

ಇಂಥ ಹಿಂಡಿಯನ್ನು ಹಸು ತಿಂದಾಗ ಅದರ ಪಿತ್ತಜನಕಾಂಗವು ಬಿ1 ವಿಷವನ್ನು ಸ್ವಲ್ಪ ಮಾರ್ಪಡಿಸಿ ಹೊರಹಾಕಲು ಯತ್ನಿಸುತ್ತದೆ. ಹಾಗೆ ಮಾರ್ಪಟ್ಟ ರೂಪವೇ ಎಂ1. 'ಎಂ' ಎಂದರೆ ಮಿಲ್ಕ್, ಅಂದರೆ ಹಾಲು ಎಂದೇ ಅರ್ಥ. ತಿಂದ ಬಿ1 ವಿಷದಲ್ಲಿ ಸಾಮಾನ್ಯವಾಗಿ ನೂರಕ್ಕೆ 1ರಿಂದ 3 ಭಾಗ ಎಂ1 ರೂಪದಲ್ಲಿ ಹಾಲಿಗೆ ಇಳಿಯುತ್ತದೆ. ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ಇದು 6 ಭಾಗದವರೆಗೂ ಹೋಗಬಹುದು. ಬೂಷ್ಟು ಹಿಡಿದ ಹಿಂಡಿ ತಿಂದ 12ರಿಂದ 24 ಗಂಟೆಯೊಳಗೆ ವಿಷ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಆ ಹಿಂಡಿಯನ್ನು ನಿಲ್ಲಿಸಿದರೆ ಮೂರು ನಾಲ್ಕು ದಿನಗಳಲ್ಲಿ ಹಾಲು ಬಹುಮಟ್ಟಿಗೆ ಶುದ್ಧವಾಗುತ್ತದೆ. ಈ ಕೊನೆಯ ಮಾತನ್ನು ಸದಸ್ಯರು ವಿಶೇಷವಾಗಿ ನೆನಪಿಡಬೇಕು.

ಬಾತುಕೋಳಿ ಮರಿಯಿಂದ ಪರೀಕ್ಷಾ ಪಟ್ಟಿಯವರೆಗೆ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತಾ ಹೋದಾಗ ಬ್ರೆಜಿಲ್‌ನಿಂದ ತರಿಸಿದ್ದ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. 1963ರಲ್ಲಿ ಅಲ್ಲಿನ ಪಶುವೈದ್ಯ ಸಂಶೋಧಕರು ಅಂಥ ಹಿಂಡಿ ತಿಂದ ಹಸುಗಳ ಹಾಲಿನ ಸಾರವನ್ನು ಬಾತುಕೋಳಿ ಮರಿಗಳಿಗೆ ಕೊಟ್ಟು ನೋಡಿದರು. ಹಿಂಡಿ ತಿಂದ ಮರಿಗಳಿಗೆ ಆಗುತ್ತಿದ್ದ ಪಿತ್ತಜನಕಾಂಗದ ಹಾನಿಯೇ ಹಾಲಿನ ಸಾರ ಕುಡಿದ ಮರಿಗಳಲ್ಲೂ ಕಂಡುಬಂತು. ಹಾಲಿನಲ್ಲಿ ಬೂಷ್ಟಿನ ವಿಷ ಇರಬಹುದೆಂಬುದು ಹೀಗೆ ಗೊತ್ತಾಯಿತು.

ನಮ್ಮ ದೇಶಕ್ಕೂ ಇದರ ಕಹಿ ಅನುಭವವಿದೆ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಿಂದ ತೀರಿಕೊಂಡರು. ಅದೇ ಆಹಾರ ತಿಂದ ನಾಯಿಗಳೂ ಸತ್ತವು. ಹಾಲಿನಲ್ಲಿ ಬರುವ ಪ್ರಮಾಣ ಅಷ್ಟು ದೊಡ್ಡದಲ್ಲ, ನಿಜ. ಆದರೆ ಸ್ವಲ್ಪ ಸ್ವಲ್ಪವಾಗಿ ಬಹುಕಾಲ ದೇಹಕ್ಕೆ ಸೇರಿದರೆ ಪಿತ್ತಜನಕಾಂಗದ ಕ್ಯಾನ್ಸರ್ ತರಬಲ್ಲದೆಂದು ಅಫ್ಲಾಟಾಕ್ಸಿನ್‌ಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮೊದಲ ಗುಂಪಿನಲ್ಲಿ ಸೇರಿಸಿದೆ. ಹಾಲನ್ನೇ ನಂಬಿ ಬೆಳೆಯುವ ಎಳೆಯ ಮಕ್ಕಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು.

ಎಷ್ಟು ಇದ್ದರೆ ತಪ್ಪು?

ಭಾರತದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಒಂದು ಕಿಲೋ ಹಾಲಿನಲ್ಲಿ ಎಂ1 ವಿಷ 0.5 ಮೈಕ್ರೋಗ್ರಾಂ ಮೀರಬಾರದು. ಐರೋಪ್ಯ ಒಕ್ಕೂಟದ ಮಿತಿ ಇದರ ಹತ್ತನೆಯ ಒಂದು ಭಾಗ, ಅಂದರೆ 0.05 ಮೈಕ್ರೋಗ್ರಾಂ. ನಮ್ಮ ಮಿತಿಯನ್ನು ಲೆಕ್ಕ ಹಾಕಿ ನೋಡೋಣ. ತಲಾ ಹತ್ತು ಸಾವಿರ ಲೀಟರ್ ಹಿಡಿಯುವ 200 ಟ್ಯಾಂಕರುಗಳಷ್ಟು ಹಾಲಿನಲ್ಲಿ ಕೇವಲ ಒಂದು ಗ್ರಾಂ ವಿಷ ಕರಗಿದ್ದರೆ ಎಷ್ಟಾಗುತ್ತದೋ ಅಷ್ಟೇ 0.5 ಮೈಕ್ರೋಗ್ರಾಂ. ಇಷ್ಟು ಸೂಕ್ಷ್ಮವಾದುದನ್ನು ಹಿಡಿಯಲು ಸಾಮಾನ್ಯ ರಾಸಾಯನಿಕ ಪರೀಕ್ಷೆಗಳು ಸಾಲವು. ಹಾಲಿನಲ್ಲಿ ಜಿಡ್ಡು, ಸಕ್ಕರೆ, ಪ್ರೋಟೀನು, ಲವಣ ಎಲ್ಲವೂ ಇರುವಾಗ ಇದೊಂದನ್ನೇ ಗುರುತು ಹಿಡಿದು ಆರಿಸುವ ಸಾಧನ ಬೇಕು. ಆ ಕೆಲಸವನ್ನು ಮಾಡುವುದೇ ಪ್ರತಿಕಾಯ.

ಪ್ರತಿಕಾಯ ನಮಗೆ ಹೊಸದಲ್ಲ

ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದಾಗ ಹಸುವಿನ ರಕ್ತದಲ್ಲಿ ಉಂಟಾಗುವ ರಕ್ಷಕ ಪ್ರೋಟೀನುಗಳೇ ಪ್ರತಿಕಾಯಗಳು. ಹುಟ್ಟಿದ ಕರುವಿಗೆ ಗಿಣ್ಣು ಹಾಲು ತಪ್ಪದೆ ಕುಡಿಸಿ ಎಂದು ಪಶುವೈದ್ಯರು ಹೇಳುವುದೂ ತಾಯಿಯ ಪ್ರತಿಕಾಯಗಳು ಕರುವಿಗೆ ದಕ್ಕಲಿ ಎಂದೇ. ಪ್ರತಿಕಾಯದ ಗುಣವೇನೆಂದರೆ, ಅದು ತಾನು ಗುರುತಿಸಲು ಕಲಿತ ವಸ್ತುವನ್ನು ಮಾತ್ರ ಹಿಡಿಯುತ್ತದೆ. ಕಾಲುಬಾಯಿ ಜ್ವರದ ಪ್ರತಿಕಾಯ ಚಪ್ಪೆರೋಗಕ್ಕೆ ಕೆಲಸಕ್ಕೆ ಬಾರದು.

ಅಫ್ಲಾಟಾಕ್ಸಿನ್‌ಗೆ ಪ್ರತಿಕಾಯ ತಯಾರಿಸುವಲ್ಲಿ ಒಂದು ತೊಡಕಿತ್ತು. ಈ ವಿಷದ ಅಣು ಬಹಳ ಚಿಕ್ಕದು. ಅದನ್ನು ಹಾಗೆಯೇ ಪ್ರಾಣಿಯ ಮೈಗೆ ಚುಚ್ಚಿದರೆ ದೇಹವು ಅದನ್ನು ಪರಕೀಯವೆಂದು ಗುರುತಿಸಿ ಪ್ರತಿಕಾಯ ತಯಾರಿಸುವುದಿಲ್ಲ. ಆದ್ದರಿಂದ ವಿಷದ ಅಣುವನ್ನು ದೊಡ್ಡ ಪ್ರೋಟೀನಿಗೆ, ಸಾಮಾನ್ಯವಾಗಿ ಹಸುವಿನ ರಕ್ತದಿಂದ ತೆಗೆದ ಆಲ್ಬುಮಿನ್‌ಗೆ, ಜೋಡಿಸಿ ಮೊಲ ಅಥವಾ ಇಲಿಗೆ ಚುಚ್ಚುತ್ತಾರೆ. ಆಗ ದೇಹವು ಎಚ್ಚೆತ್ತು ವಿಷವನ್ನು ಹಿಡಿಯಬಲ್ಲ ಪ್ರತಿಕಾಯವನ್ನು ತಯಾರಿಸುತ್ತದೆ. 1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು ಒಂದೇ ಬಗೆಯ ಪ್ರತಿಕಾಯವನ್ನು ಪ್ರಯೋಗಾಲಯದಲ್ಲಿ ಬೇಕಾದಷ್ಟು ಬೆಳೆಸುವ ವಿಧಾನವನ್ನು ಕಂಡುಹಿಡಿದರು. ಇದಕ್ಕಾಗಿ 1984ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಇಂದಿನ ಹಲವು ಪರೀಕ್ಷಾ ಕಿಟ್‌ಗಳು ಈ ವಿಧಾನದ ಫಲ.

ಎಲಿಸಾ: ಬಣ್ಣ ಕಡಿಮೆಯಾದರೆ ವಿಷ ಹೆಚ್ಚು

1971ರಲ್ಲಿ ರೂಪುಗೊಂಡ ಎಲಿಸಾ ಎಂಬ ವಿಧಾನ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ 96 ಸಣ್ಣ ಗುಳಿಗಳಿರುತ್ತವೆ. ಪ್ರತಿ ಗುಳಿಯ ಒಳಮೈಗೆ ಪ್ರತಿಕಾಯವನ್ನು ಅಂಟಿಸಿರುತ್ತಾರೆ. ಜಿಡ್ಡು ತೆಗೆದ ಹಾಲನ್ನು ಗುಳಿಗೆ ಹಾಕುತ್ತಾರೆ. ಅದರ ಜೊತೆಗೆ, ಬಣ್ಣ ಬರಿಸುವ ಕಿಣ್ವವನ್ನು ಜೋಡಿಸಿದ ಅಫ್ಲಾಟಾಕ್ಸಿನ್ ಅನ್ನೂ ಅಳತೆ ಮಾಡಿ ಹಾಕುತ್ತಾರೆ.

ಮುಂದೆ ನಡೆಯುವುದನ್ನು ಕೊಟ್ಟಿಗೆಯ ಉದಾಹರಣೆಯಿಂದ ತಿಳಿಯಬಹುದು. ಕೊಟ್ಟಿಗೆಯಲ್ಲಿ ಹತ್ತು ಗೂಟಗಳಿವೆ. ಕೊರಳಿಗೆ ಗಂಟೆ ಕಟ್ಟಿದ ಹತ್ತು ಹಸುಗಳನ್ನು ಒಳಗೆ ಬಿಟ್ಟರೆ ಹತ್ತೂ ಗೂಟಗಳಲ್ಲಿ ಗಂಟೆ ಕೇಳಿಸುತ್ತದೆ. ಅದೇ ಹೊತ್ತಿಗೆ ಗಂಟೆಯಿಲ್ಲದ ಹಸುಗಳೂ ನುಗ್ಗಿದರೆ ಕೆಲವು ಗೂಟಗಳು ಅವುಗಳ ಪಾಲಾಗುತ್ತವೆ. ಗೂಟ ಸಿಗದವನ್ನು ಹೊರಗಟ್ಟಿ ಗಂಟೆಯ ಸದ್ದು ಕೇಳಿದರೆ ಅದು ಕಡಿಮೆಯಾಗಿರುತ್ತದೆ. ಗೂಟವೇ ಪ್ರತಿಕಾಯ. ಗಂಟೆ ಕಟ್ಟಿದ್ದು ಕಿಣ್ವ ಜೋಡಿಸಿದ ವಿಷ. ಗಂಟೆಯಿಲ್ಲದ್ದು ಹಾಲಿನಲ್ಲಿದ್ದ ವಿಷ.

ಗುಳಿಗಳನ್ನು ತೊಳೆದು ಬಣ್ಣದ ದ್ರಾವಣ ಹಾಕಿದಾಗ ಕಿಣ್ವ ಇರುವಷ್ಟು ಬಣ್ಣ ಬರುತ್ತದೆ. ಬಣ್ಣ ಗಾಢವಾಗಿದ್ದರೆ ಹಾಲು ಶುದ್ಧ. ಬಣ್ಣ ತಿಳಿಯಾಗಿದ್ದರೆ ವಿಷವಿದೆ. ವಿಷದ ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣಗಳನ್ನು ಅದೇ ತಟ್ಟೆಯ ಕೆಲವು ಗುಳಿಗಳಲ್ಲಿ ಹಾಕಿ, ಯಂತ್ರದಲ್ಲಿ ಬಣ್ಣವನ್ನು ಅಳೆದು ಹೋಲಿಸುವುದರಿಂದ ಹಾಲಿನಲ್ಲಿ ಎಷ್ಟು ವಿಷವಿದೆ ಎಂಬ ಅಂಕಿಯೂ ಸಿಗುತ್ತದೆ. ಒಂದೇ ತಟ್ಟೆಯಲ್ಲಿ ಹಲವಾರು ಮಾದರಿಗಳನ್ನು ಒಟ್ಟಿಗೆ ನೋಡಬಹುದಾದ್ದರಿಂದ ಖರ್ಚೂ ಹಂಚಿಹೋಗುತ್ತದೆ.

ಹಾಲಿನಂತೆ ಹಿಂಡಿ, ಕಾಳುಗಳಲ್ಲಿರುವ ಬಿ1 ವಿಷವನ್ನೂ ಎಲಿಸಾದಿಂದ ನೋಡಬಹುದು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯು ಕಡಲೆಕಾಯಿಯಲ್ಲಿನ ವಿಷದ ಪತ್ತೆಗೆ ಕಡಿಮೆ ಖರ್ಚಿನ ಎಲಿಸಾ ವಿಧಾನವನ್ನು ಅಭಿವೃದ್ಧಿಪಡಿಸಿದೆ.

ಪರೀಕ್ಷಾ ಪಟ್ಟಿ: ಗೆರೆ ಮೂಡದಿದ್ದರೆ ಅಪಾಯ

ಟ್ಯಾಂಕರು ಬಾಗಿಲಲ್ಲಿ ನಿಂತಿರುವಾಗ ಎಲಿಸಾ ಮುಗಿಯುವವರೆಗೆ ಕಾಯಲಾಗುವುದಿಲ್ಲ. ಅದಕ್ಕಾಗಿ ಹತ್ತು ಹದಿನೈದು ನಿಮಿಷಗಳಲ್ಲಿ ಉತ್ತರ ಕೊಡುವ ಪರೀಕ್ಷಾ ಪಟ್ಟಿಗಳಿವೆ. ಇಲ್ಲಿ ಪ್ರತಿಕಾಯಕ್ಕೆ ಚಿನ್ನದ ಅತಿ ಸೂಕ್ಷ್ಮ ಕಣಗಳನ್ನು ಜೋಡಿಸಿರುತ್ತಾರೆ. ಆ ಕಣಗಳು ಕೆಂಪಾಗಿ ಕಾಣುತ್ತವೆ. ಹಾಲಿನೊಡನೆ ಅವು ಪಟ್ಟಿಯ ಮೇಲೆ ಹರಿಯುತ್ತಾ ಹೋಗುತ್ತವೆ. ದಾರಿಯಲ್ಲಿ ಒಂದು ಕಡೆ ಅಫ್ಲಾಟಾಕ್ಸಿನ್ ಅನ್ನು ಗೆರೆಯಾಗಿ ಅಂಟಿಸಿರುತ್ತಾರೆ. ಇದು ಪರೀಕ್ಷಾ ಗೆರೆ. ಹಾಲಿನಲ್ಲಿ ವಿಷವಿಲ್ಲದಿದ್ದರೆ ಖಾಲಿ ಇರುವ ಪ್ರತಿಕಾಯಗಳು ಅಲ್ಲಿ ಅಂಟಿಕೊಂಡು ಕೆಂಪು ಗೆರೆ ಮೂಡುತ್ತದೆ. ವಿಷವಿದ್ದರೆ ಪ್ರತಿಕಾಯಗಳು ದಾರಿಯಲ್ಲೇ ಅದನ್ನು ಹಿಡಿದುಕೊಂಡಿರುವುದರಿಂದ ಗೆರೆಗೆ ಅಂಟಲಾರವು. ಗೆರೆ ಮಸುಕಾಗುತ್ತದೆ ಅಥವಾ ಮೂಡುವುದೇ ಇಲ್ಲ.

ಇದನ್ನು ಹಾಲು ಪರೀಕ್ಷಕರು ಸರಿಯಾಗಿ ಮನನ ಮಾಡಿಕೊಳ್ಳಬೇಕು. ಗೆರೆ ಮೂಡಿದರೆ ದೋಷ ಎಂದುಕೊಳ್ಳುವುದು ಸಹಜ. ಇಲ್ಲಿ ಅದು ತಿರುಗುಮುರುಗು. ಪಟ್ಟಿಯಲ್ಲಿ ಎರಡನೆಯ ಗೆರೆಯೊಂದು ಇರುತ್ತದೆ. ಅದು ಪಟ್ಟಿ ಕೆಲಸ ಮಾಡಿದೆ ಎಂಬುದಕ್ಕೆ ಸಾಕ್ಷಿ. ಆ ಗೆರೆ ಮೂಡದಿದ್ದರೆ ಪರೀಕ್ಷೆಯೇ ಅಸಿಂಧು, ಹೊಸ ಪಟ್ಟಿಯಲ್ಲಿ ಮತ್ತೆ ನೋಡಬೇಕು. ಫ್ರಿಜ್‌ನಲ್ಲಿಟ್ಟ ಪಟ್ಟಿಯನ್ನು ಹೊರಗಿನ ಶಾಖಕ್ಕೆ ಬಂದ ನಂತರವೇ ಬಳಸಬೇಕು. ಹಾಲನ್ನು ಚೆನ್ನಾಗಿ ಕಲಕಿ ಮಾದರಿ ತೆಗೆಯಬೇಕು. ಹೇಳಿದ ನಿಮಿಷಕ್ಕೇ ಗೆರೆ ಓದಬೇಕು. ಅವಧಿ ಮೀರಿದ ಪಟ್ಟಿ ಬಳಸಬಾರದು. ಪಟ್ಟಿಗಳಲ್ಲಿ ಬೇರೆ ಬೇರೆ ಮಿತಿಗೆ ತಯಾರಾದವು ಇರುವುದರಿಂದ, ತರಿಸುವ ಮುನ್ನ ಅದು ಯಾವ ಮಿತಿಯದೆಂದು ಪೆಟ್ಟಿಗೆಯ ಮೇಲೆ ಓದಿಕೊಳ್ಳುವುದು ಅವಶ್ಯ.

ಪರೀಕ್ಷೆಗೂ ಮಿತಿಯಿದೆ

ಪಟ್ಟಿಯೂ ಎಲಿಸಾವೂ ಜರಡಿ ಇದ್ದಂತೆ. ಸಂಶಯವಿರುವುದನ್ನು ಬೇಗ ಬೇರ್ಪಡಿಸುವುದು ಅವುಗಳ ಕೆಲಸ. ಪ್ರತಿಕಾಯವು ಎಂ1 ಅನ್ನು ಹೋಲುವ ಬೇರೆ ಅಣುವನ್ನೂ ಕೆಲವೊಮ್ಮೆ ಹಿಡಿಯಬಹುದು. ಹುಳಿಯಾದ ಅಥವಾ ಕೆಟ್ಟ ಹಾಲು ಫಲಿತಾಂಶವನ್ನು ಏರುಪೇರು ಮಾಡಬಹುದು. ಮಿತಿಯ ಆಸುಪಾಸಿನಲ್ಲಿರುವ ಹಾಲು ಒಮ್ಮೆ ಉತ್ತೀರ್ಣವಾಗಿ ಇನ್ನೊಮ್ಮೆ ಅನುತ್ತೀರ್ಣವಾಗಬಹುದು. ಆದ್ದರಿಂದ ಅಂತಿಮ ನಿರ್ಣಯಕ್ಕೆ ಎಚ್.ಪಿ.ಎಲ್.ಸಿ. ಎಂಬ ಯಂತ್ರದ ಪರೀಕ್ಷೆ ಇದೆ. ಅದರಲ್ಲೂ ಮೊದಲ ಹಂತದ ಕೆಲಸ ಪ್ರತಿಕಾಯದ್ದೇ. ಪ್ರತಿಕಾಯ ತುಂಬಿದ ಸಣ್ಣ ಕೊಳವೆಯ ಮೂಲಕ ಹಾಲನ್ನು ಹರಿಸಿದಾಗ ವಿಷ ಮಾತ್ರ ಅಲ್ಲಿ ನಿಲ್ಲುತ್ತದೆ, ಉಳಿದದ್ದು ಹರಿದುಹೋಗುತ್ತದೆ. ನಿಂತ ವಿಷವನ್ನು ಬಿಡಿಸಿ ಯಂತ್ರಕ್ಕೆ ಕೊಡುತ್ತಾರೆ. ಅತಿನೇರಳೆ ಬೆಳಕಿನಲ್ಲಿ ಅದು ಹೊಳೆಯುವ ಪ್ರಮಾಣವನ್ನು ಯಂತ್ರ ಅಳೆಯುತ್ತದೆ. ಪಟ್ಟಿಯ ಒಂದೇ ಫಲಿತಾಂಶದ ಮೇಲೆ ಯಾವ ಸದಸ್ಯರನ್ನೂ ದೂಷಿಸುವುದು ಸರಿಯಲ್ಲ. ಹಾಗೆಯೇ ಅದನ್ನು ಕಡೆಗಣಿಸುವುದೂ ಸರಿಯಲ್ಲ.

ಮೊಸರು, ಪನ್ನೀರ್, ಪುಡಿ, ತುಪ್ಪ

ಹಾಲನ್ನು ಕಾಯಿಸಿದರೆ, ಪಾಶ್ಚರೀಕರಿಸಿದರೆ ಎಂ1 ನಾಶವಾಗುವುದಿಲ್ಲ. ಹೆಪ್ಪು ಹಾಕಿದರೂ ಅದು ಮೊಸರಿನಲ್ಲಿ ಉಳಿಯುತ್ತದೆ. ಹಾಲಿನ ಕೇಸಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವ ಸ್ವಭಾವ ಅದಕ್ಕಿರುವುದರಿಂದ ಪನ್ನೀರ್ ಮತ್ತು ಚೀಸ್‌ನಲ್ಲಿ, ತೂಕಕ್ಕೆ ತೂಕ ನೋಡಿದರೆ, ಹಾಲಿನಲ್ಲಿದ್ದುದಕ್ಕಿಂತ ಹಲವು ಪಟ್ಟು ಹೆಚ್ಚಾಗುತ್ತದೆ. ಖೋವಾ ಮತ್ತು ಹಾಲಿನ ಪುಡಿಯಲ್ಲಿ ನೀರು ಹೋಗಿ ವಿಷ ಉಳಿಯುತ್ತದೆ. ಬೆಣ್ಣೆ, ತುಪ್ಪಗಳಿಗೆ ಮಾತ್ರ ಬಹಳ ಕಡಿಮೆ ಹೋಗುತ್ತದೆ, ಏಕೆಂದರೆ ಎಂ1 ಜಿಡ್ಡಿಗೆ ಒಲಿಯುವ ವಸ್ತುವಲ್ಲ. ಪುಡಿಯನ್ನು ನೀರಿನಲ್ಲಿ ಕರಗಿಸಿ, ಪನ್ನೀರ್ ಮತ್ತು ಚೀಸನ್ನು ದ್ರಾವಕದಿಂದ ಸಾರ ತೆಗೆದು ಪರೀಕ್ಷಿಸುತ್ತಾರೆ. ಕಾರ್ಖಾನೆಯಲ್ಲಿ ಸರಿಪಡಿಸಲು ಆಗದ ದೋಷ ಇದಾದ್ದರಿಂದ, ಹಾಲು ಬರುವಾಗಲೇ ತಡೆಯುವುದೊಂದೇ ದಾರಿ.

ಇದರ ಪೆಟ್ಟು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಯೂರೋಪಿನ ಒಂದು ಘಟನೆ ಸಾಕು. 2012ರ ಬೇಸಿಗೆಯಲ್ಲಿ ಸರ್ಬಿಯಾ ಮತ್ತು ಸುತ್ತಲಿನ ದೇಶಗಳಲ್ಲಿ ಬರ ಬಿದ್ದು ಮುಸುಕಿನ ಜೋಳಕ್ಕೆ ಬೂಷ್ಟು ತಗುಲಿತು. 2013ರ ಆರಂಭದಲ್ಲಿ ಅಲ್ಲಿನ ಹಾಲಿನಲ್ಲಿ ಎಂ1 ಮಿತಿ ಮೀರಿರುವುದು ಬಯಲಾಗಿ ಅಂಗಡಿಗಳಿಂದ ಹಾಲನ್ನು ಹಿಂಪಡೆಯಬೇಕಾಯಿತು. ಅದೇ ಜೋಳ ಜರ್ಮನಿಯ ಪಶು ಆಹಾರಕ್ಕೂ ಸೇರಿ, ಅಲ್ಲಿ ಸಾವಿರಾರು ರೈತರ ಮನೆ ಮುಟ್ಟಿತ್ತು. ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ದೇಶಾದ್ಯಂತ 6,432 ಹಾಲಿನ ಮಾದರಿಗಳನ್ನು ಸಂಗ್ರಹಿಸಿ 2019ರಲ್ಲಿ ವರದಿ ನೀಡಿತು. ಬೆರಕೆ ಮಾಡಿ ಅಪಾಯಕಾರಿಯಾಗಿದ್ದ ಮಾದರಿಗಳು ಕೇವಲ 12. ಎಂ1 ಮಿತಿ ಮೀರಿದ್ದವು 368, ಅಂದರೆ ಶೇ. 5.7. ನಾವು ಭಯಪಡುವ ಬೆರಕೆಗಿಂತ, ಗಮನಿಸದೆ ಬಿಟ್ಟ ಬೂಷ್ಟೇ ದೊಡ್ಡ ಸಮಸ್ಯೆ ಎಂದು ಇದರಿಂದ ತಿಳಿಯುತ್ತದೆ.

ಮೂಲ ಇರುವುದು ಹಿಂಡಿಯಲ್ಲಿ

ಭಾರತೀಯ ಮಾನಕ ಬ್ಯೂರೋದ ಪ್ರಕಾರ ಮಿಶ್ರಿತ ಪಶು ಆಹಾರದಲ್ಲಿ ಬಿ1 ವಿಷ ಕಿಲೋಗೆ 20 ಮೈಕ್ರೋಗ್ರಾಂ ಮೀರಬಾರದು. ದಿನಕ್ಕೆ 10 ಲೀಟರ್ ಹಾಲು ಕೊಡುವ ಹಸು ಇಂಥ 3 ಕಿಲೋ ಆಹಾರ ತಿಂದರೆ ಅದರ ಹೊಟ್ಟೆಗೆ 60 ಮೈಕ್ರೋಗ್ರಾಂ ಹೋಗುತ್ತದೆ. ನೂರಕ್ಕೆ ಎರಡು ಭಾಗ ಹಾಲಿಗೆ ಬಂದರೆ ಲೀಟರಿಗೆ 0.12 ಆಗುತ್ತದೆ. ಇದು ನಮ್ಮ ಮಿತಿಯೊಳಗಿದೆ. ಆದರೆ ಕಿಲೋಗೆ 100 ಮೈಕ್ರೋಗ್ರಾಂ ವಿಷವಿರುವ ಹಿಂಡಿಯನ್ನು ಅಷ್ಟೇ ತಿನ್ನಿಸಿದರೆ ಲೀಟರಿಗೆ 0.6 ಆಗಿ ಮಿತಿ ದಾಟುತ್ತದೆ.

ಒಬ್ಬರ ಹಾಲು ಊರಿನ ಹಾಲಿನಲ್ಲಿ ಬೆರೆತು ತಿಳಿಯಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಇಡೀ ಊರೇ ಒಂದು ಅಂಗಡಿಯಿಂದ ಒಂದೇ ಲೋಡಿನ ಹಿಂಡಿ ತಂದಿದ್ದರೆ ತಿಳಿಯಾಗುವ ಮಾತೇ ಇಲ್ಲ, ಪೂರ್ತಿ ಟ್ಯಾಂಕರಿನ ಹಾಲು ತಿರಸ್ಕೃತವಾಗಬಹುದು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಸಂಘಕ್ಕೆ ಹಾಕಿ ಉಳಿಸಿಕೊಂಡ ಹಾಲನ್ನು ನಮ್ಮ ಮನೆಯ ಮಕ್ಕಳೇ ಕುಡಿಯುತ್ತಾರೆ. ಆ ಲೋಟದಲ್ಲಿ ಬೇರೆ ಯಾರ ಹಾಲೂ ಬೆರೆತಿರುವುದಿಲ್ಲ. ಮನುಷ್ಯರು ತಿನ್ನಲು ಆಗದ ಜೋಳ, ಕಡಲೆಕಾಯಿ ದನಕ್ಕಾದರೂ ಆಗಲಿ ಎಂದು ಹಾಕುವ ರೂಢಿ ನಮ್ಮಲ್ಲಿದೆ. ದನಕ್ಕೆ ಹಾಕಿದ್ದು ಮರುದಿನವೇ ಮನುಷ್ಯರ ಬಳಿಗೆ ಹಿಂತಿರುಗುತ್ತದೆ.

ಸದಸ್ಯರು ಪಾಲಿಸಬೇಕಾದ ಅಂಶಗಳು

1. ಹಿಂಡಿ, ಬೂಸಾ, ಪಶು ಆಹಾರದ ಚೀಲಗಳನ್ನು ನೆಲಕ್ಕೆ ಇಡದೆ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರದಲ್ಲಿ ಇಡಿ. ಸೂರು ಸೋರದಂತೆ ನೋಡಿಕೊಳ್ಳಿ.

2. ಮೊದಲು ತಂದ ಚೀಲವನ್ನು ಮೊದಲು ಮುಗಿಸಿ. ಮಳೆಗಾಲದಲ್ಲಿ ಹೆಚ್ಚು ದಿನದ ದಾಸ್ತಾನು ಬೇಡ.

3. ಮುಸುಕಿನ ಜೋಳವನ್ನು ಚೆನ್ನಾಗಿ ಒಣಗಿಸಿ. ಒಣಗಿದ ಗಾಜಿನ ಬಾಟಲಿಗೆ ಸ್ವಲ್ಪ ಕಾಳು ಮತ್ತು ಒಣ ಉಪ್ಪು ಹಾಕಿ ಕುಲುಕಿ ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ಕಾಳು ಇನ್ನೂ ಒಣಗಬೇಕೆಂದು ತಿಳಿಯಿರಿ.

4. ಗಂಟುಕಟ್ಟಿದ, ಮುಗ್ಗಲು ವಾಸನೆಯ, ಹಸಿರು ಹಳದಿ ಬೂಷ್ಟು ಕಾಣುವ ಆಹಾರವನ್ನು ತೊಳೆದಾಗಲೀ, ಬಿಸಿಲಿಗೆ ಹಾಕಿಯಾಗಲೀ, ಒಳ್ಳೆಯದರೊಡನೆ ಬೆರೆಸಿಯಾಗಲೀ ತಿನ್ನಿಸಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಂಡಿಯಲ್ಲಿ ಹೂಳಿಬಿಡಿ.

5. ಬೂಷ್ಟು ಕಾಣದಿದ್ದರೂ ವಿಷ ಇರಬಹುದು. ಆದ್ದರಿಂದ ಬಿಡಿ ಹಿಂಡಿ ಕೊಳ್ಳುವಾಗ ಬೆಲೆಯೊಂದನ್ನೇ ನೋಡಬೇಡಿ. ತಂದ ಅಂಗಡಿ ಮತ್ತು ದಿನಾಂಕವನ್ನು ಚೀಲದ ಮೇಲೆ ಬರೆದಿಡಿ.

6. ವಿಷವನ್ನು ಹೊಟ್ಟೆಯಲ್ಲಿ ಹಿಡಿದಿಡುವ ಜೇಡಿಮಣ್ಣಿನ ಪುಡಿಗಳು ದೊರೆಯುತ್ತವೆ. ಪಶುವೈದ್ಯರ ಸಲಹೆಯಿಲ್ಲದೆ ಬಳಸಬೇಡಿ. ಬೂಷ್ಟು ಹಿಡಿದ ಹಿಂಡಿಗೆ ಇವು ಪರವಾನಗಿಯಲ್ಲ.

ಪರೀಕ್ಷೆಯಲ್ಲಿ ಸಂಘದ ಹಾಲಿನಲ್ಲಿ ವಿಷ ಕಂಡುಬಂದರೆ ಗಾಬರಿ ಬೇಡ, ಮುಚ್ಚಿಡುವುದೂ ಬೇಡ. ಸದಸ್ಯರ ಹಾಲನ್ನು ಗುಂಪುಗುಂಪಾಗಿ, ನಂತರ ಮನೆವಾರು ಪರೀಕ್ಷಿಸಿದರೆ ಮೂಲ ಯಾವ ಕೊಟ್ಟಿಗೆಯಲ್ಲಿದೆ ಎಂದು ತಿಳಿಯುತ್ತದೆ. ಚೀಲದ ಮೇಲೆ ಬರೆದಿಟ್ಟ ದಿನಾಂಕ ಆಗ ಕೆಲಸಕ್ಕೆ ಬರುತ್ತದೆ. ಆ ಹಿಂಡಿಯನ್ನು ಅಂದೇ ನಿಲ್ಲಿಸಿ, ನಾಲ್ಕು ದಿನ ಕಳೆದು ಮತ್ತೆ ಪರೀಕ್ಷಿಸಿದರೆ ಪರೀಕ್ಷಾ ಗೆರೆ ಮೊದಲಿನಂತೆ ಮೂಡುವ ಸಾಧ್ಯತೆಯೇ ಹೆಚ್ಚು. ಹಸುವನ್ನು ಮಾರುವ ಅಗತ್ಯವಿಲ್ಲ, ಸದಸ್ಯತ್ವಕ್ಕೆ ಕುಂದಿಲ್ಲ. ಚೀಲವೊಂದನ್ನು ಬದಲಿಸಿದರೆ ಸಾಕು. ಪ್ರತಿಕಾಯ ಪರೀಕ್ಷೆ ಹಾಲನ್ನು ಶುದ್ಧ ಮಾಡಲಾರದು, ಯಾವ ಚೀಲವನ್ನು ಬದಲಿಸಬೇಕೆಂದು ತೋರಿಸಿಕೊಡುತ್ತದೆ. ಬದಲಿಸುವ ಕೆಲಸ ನಮ್ಮದು.